ಡಿಕ್ಕಿಯೊಳಗಿನ ಪೈಪು

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಆಫೀಸು, ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು. ಆದರೆ ನಿಜ ಹೇಳಬೇಕೆಂದರೆ ಈ ಒಂದು ವಿಷಯ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಲೇ ಬೇರೆ ಏನನ್ನೂ ಬರೆಯಲಾಗಲಿಲ್ಲ. ಇವತ್ತು ಬರೆದು ಬಿಡುತ್ತೇನೆ. ನಗುವವರು ನಗಬಹುದು, ಬೈಯುವವರು ಕಾಮೆಂಟಿನಲ್ಲಿ ಬೈಯಬಹುದು :-)

ನನಗೆ ಕಾರಿನ ಹುಚ್ಚು ಇರುವುದು ಇಲ್ಲಿಗೆ ಬರುವವರಿಗೆಲ್ಲ ಗೊತ್ತು. ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು, ನಾಲ್ಕು ವರ್ಷ ದುಡ್ಡು ಕೂಡಿಸಿ ಒಂದು ಸೆಕೆಂಡ್‌ಹ್ಯಾಂಡ್ ಹ್ಯಾಚ್‌ಬ್ಯಾಕ್ ಕೊಂಡೆ. ಪುಟ್ಟ ಕಾರು, ಎಂಜಿನ್ ಮಾತ್ರ ಜೋರು. ವರ್ಷಕ್ಕೆ ಒಂದೆರಡು ಸಲ ಗೆಳೆಯರ ಜತೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ. ಒಂದು ಸುತ್ತು 3.7 ಕಿಲೋಮೀಟರು. ಅಲ್ಲಿ ಓಡಿಸಲು ಬೇರೆ ಟೈರು ಬೇಕು. ರಸ್ತೆಯ ಟೈರಿನಲ್ಲಿ ಹತ್ತು ಸುತ್ತು ಹೊಡೆದರೆ ಅಂಚು ಸವೆದು ಕೈಗೆ ಬರುತ್ತದೆ. ಹಾಗಾಗಿ ನನ್ನ ಹತ್ತಿರ ಎರಡು ಸೆಟ್ ಚಕ್ರ. ಒಂದು ಮನೆಗೆ, ಒಂದು ಟ್ರ್ಯಾಕಿಗೆ.

ತಲೆನೋವು ಶುರುವಾಗಿದ್ದು ಅಲ್ಲೇ. ಈ ಕಾರಿಗೆ ಟಿಪಿಎಂಎಸ್ ಇದೆ, ಅಂದರೆ ಟೈರಿನ ಹವಾ ಕಡಿಮೆಯಾದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹಚ್ಚುವ ವ್ಯವಸ್ಥೆ. ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಸೆನ್ಸರ್. ಅದರೊಳಗೆ ಸೀಲ್ ಮಾಡಿದ ಬ್ಯಾಟರಿ, ಒಂದು ರೇಡಿಯೋ. ಪ್ರತಿ ಸೆನ್ಸರಿಗೂ ತನ್ನದೇ ಐಡಿ. "ನಾನು ಇಂಥವನು, ನನ್ನ ಒತ್ತಡ ಇಷ್ಟು, ಶಾಖ ಇಷ್ಟು" ಎಂದು ಆಗಾಗ ಕೂಗುತ್ತಿರುತ್ತದೆ. ಕಾರಿನ ಕಂಪ್ಯೂಟರು ತನಗೆ ಗೊತ್ತಿರುವ ನಾಲ್ಕು ಐಡಿಗಳನ್ನು ಮಾತ್ರ ಕೇಳುತ್ತದೆ. ಸೆನ್ಸರ್ ಇಲ್ಲದ ಟ್ರ್ಯಾಕ್ ಚಕ್ರ ಹಾಕಿದರೆ ಸ್ವಲ್ಪ ದೂರ ಹೋದ ಮೇಲೆ ದೀಪ ಒಂದು ನಿಮಿಷ ಮಿನುಗಿ, ಆಮೇಲೆ ಹಾಗೇ ಉರಿಯುತ್ತದೆ. ಮಿನುಗಿ ನಿಂತರೆ "ಸೆನ್ಸರ್ ಸಿಗುತ್ತಿಲ್ಲ" ಎಂದರ್ಥ, ಮಿನುಗದೆ ನೇರ ಉರಿದರೆ "ಹವಾ ಕಡಿಮೆ" ಎಂದರ್ಥ. ಈ ವ್ಯತ್ಯಾಸ ಗೊತ್ತಿಲ್ಲದವರೇ ಹೆಚ್ಚು.

ಎರಡನೇ ಸೆಟ್ಟಿಗೂ ಸೆನ್ಸರ್ ಹಾಕಿಸಬಹುದಿತ್ತು. ಒಂದೊಂದಕ್ಕೂ ಸಾವಿರಾರು ರೂಪಾಯಿ, ನಾಲ್ಕು ಬೇಕು, ಮೇಲಿಂದ ಸರ್ವಿಸ್ ಸೆಂಟರಿಗೆ ಹೋಗಿ ಐಡಿ ಬರೆಸಬೇಕು. ನಾನು ಸಾಫ್ಟ್‌ವೇರಿನವನು, ಶಾರ್ಟ್‌ಕಟ್ ಹುಡುಕಿದೆ. ಸಿಕ್ಕಿತು.

ಒಂದು ದಪ್ಪ ಪಿವಿಸಿ ಪೈಪು. ಎರಡೂ ಕಡೆ ಮುಚ್ಚಳ, ಒಂದು ಮುಚ್ಚಳಕ್ಕೆ ಟೈರಿನ ವಾಲ್ವು. ಮನೆ ಚಕ್ರದ ಟೈರು ಬದಲಿಸುವ ಹೊತ್ತಿಗೆ ನಾಲ್ಕೂ ಸೆನ್ಸರ್ ಬಿಚ್ಚಿಸಿ ಈ ಪೈಪಿನೊಳಗೆ ಹಾಕಿ, ಅಂಟು ಹಚ್ಚಿ, 33 ಪಿಎಸ್‌ಐ ಹವಾ ತುಂಬಿ ಡಿಕ್ಕಿಯ ಹಾಸಿನ ಕೆಳಗೆ, ಸ್ಟೆಪ್ನಿಯ ಪಕ್ಕ ಇಟ್ಟೆ. ಎರಡೂ ಸೆಟ್ ಚಕ್ರಗಳಿಗೆ ಸಾದಾ ರಬ್ಬರ್ ವಾಲ್ವು. ಕಾರಿಗೆ ಅದರ ನಾಲ್ಕು ಐಡಿ ಸಿಕ್ಕವು, ನಾಲ್ಕೂ 33 ಅಂದವು, ದೀಪ ಆರಿತು. ಸೆನ್ಸರ್ ತಿರುಗುತ್ತಿದೆಯೇ ಇಲ್ಲವೇ ಎಂದು ನೋಡುವ ಹೊಸ ಕಾರುಗಳಲ್ಲಿ ಈ ಆಟ ನಡೆಯುವುದಿಲ್ಲ, ನನ್ನ ಹಳೆಯದರಲ್ಲಿ ನಡೆಯಿತು. ಗೆಳೆಯರ ಗುಂಪಿಗೆ ಫೋಟೋ ಕಳಿಸಿದೆ. "ಗುರು, ಸೂಪರ್!" ಅಂದರು. ನಾನೂ ಹಿಗ್ಗಿದೆ. ಟೆಸ್ಟ್ ಪಾಸಾಗಲಿ ಅಂತ ಮಾಕ್ ಡೇಟಾ ಕೊಡುವುದು ನಮಗೆ ಹೊಸದೇನಲ್ಲವಲ್ಲ.

ಈಗ ಅಪ್ಪನ ವಿಷಯ.

ನಮ್ಮಪ್ಪ ಸಾರಿಗೆ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಅವರು ಸೇರಿದಾಗ ಅದು ಕೆಎಸ್ಆರ್‌ಟಿಸಿ, 2000ದಲ್ಲಿ ಈಶಾನ್ಯ ಸಾರಿಗೆ ಬೇರೆಯಾಯಿತು, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಎಂದು ಹೆಸರು ಬದಲಾಯಿತು. ಹೆಸರು ಏನೇ ಇರಲಿ, ಅಪ್ಪನ ಒಂದು ಅಭ್ಯಾಸ ಬದಲಾಗಲಿಲ್ಲ. ಬಸ್ಸು ಹೊರಡುವ ಮೊದಲು ಕೈಯಲ್ಲಿ ಒಂದು ಕಬ್ಬಿಣದ ರಾಡು ಹಿಡಿದು ಸುತ್ತು ಹಾಕಿ ಪ್ರತಿ ಟೈರಿಗೂ ಬಡಿಯುತ್ತಿದ್ದರು. ಸಣ್ಣವನಿದ್ದಾಗ ನಾನೂ ಹಿಂದೆ ಹಿಂದೆ ಓಡುತ್ತಿದ್ದೆ. ಬಸ್ಸಿನ ಹಿಂದೆ ಜೋಡಿ ಟೈರು ಇರುತ್ತವೆ, ಒಳಗಿನದರ ಹವಾ ಹೋಗಿದ್ದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಡಿದರೆ ಮಾತ್ರ ಗೊತ್ತು. ಹವಾ ಇದ್ದರೆ ರಾಡು ಪುಟಿದು "ಟಣ್" ಅನ್ನುತ್ತದೆ, ಇಲ್ಲದಿದ್ದರೆ "ಧಬ್".

ನಾನು ಮೊದಲ ಸಲ ಕಾರು ತಗೊಂಡು ಭಾಲ್ಕಿಗೆ ಹೋದಾಗ ಅಪ್ಪ ಅದಕ್ಕೂ ಸುತ್ತು ಹಾಕಿ ಪಾನಾ ತಗೊಂಡು ಬಡಿಯಲು ಶುರು ಮಾಡಿದರು. ನಾನು ನಕ್ಕು ಹೇಳಿದೆ, "ಅಪ್ಪಾ, ಈ ಗಾಡಿಗೆ ಬಡಿಯೋದು ಬ್ಯಾಡ. ಹವಾ ಕಡಿಮಿ ಆದ್ರ ತಾನೇ ಲೈಟ್ ಹಚ್ಚಿ ಹೇಳ್ತದ." ಆಗ ಸೆನ್ಸರುಗಳು ಚಕ್ರದೊಳಗೇ ಇದ್ದವು, ಮಾತು ನಿಜವಾಗಿತ್ತು. ಅಪ್ಪನಿಗೆ ಬಹಳ ಖುಷಿಯಾಯಿತು. ಓಣಿಯವರಿಗೆಲ್ಲ ಕರೆದು ತೋರಿಸಿದರು. ಅಂದಿನಿಂದ ನನ್ನ ಕಾರಿಗೆ ಬಡಿಯುವುದನ್ನು ಬಿಟ್ಟರು. ಹತ್ತಿ ಕೂತ ಕೂಡಲೇ ಒಂದೇ ಪ್ರಶ್ನೆ, "ಲೈಟ್ ಬಂದಿಲ್ಲಲ್ಲ?"

2024ರ ಡಿಸೆಂಬರಿನಲ್ಲಿ ರಜೆ ಹಾಕಿ ಊರಿಗೆ ಹೋದೆ. ಅಕ್ಕನ ಮನೆ ಔರಾದದಲ್ಲಿ, ಅಲ್ಲೊಂದು ಕುಬಸದ ಕಾರ್ಯಕ್ರಮ. ಹಿಂದಿನ ಸಂಜೆ ಕಾರು ಹೊಲದ ಬದುವಿನ ತನಕ ಒಯ್ದಿದ್ದೆ. ನಮ್ಮ ಕಡೆ ಬದುವಿನ ತುಂಬ ಜಾಲಿ ಮುಳ್ಳು, ಗೊತ್ತಲ್ಲ. ಬೆಳಿಗ್ಗೆ ಬೀದರ್ ಜಿಲ್ಲೆಯ ಆ ಹಲ್ಲು ಕಡಿಯುವ ಚಳಿ. ಅಪ್ಪ ಮಫ್ಲರ್ ಸುತ್ತಿಕೊಂಡು ಮುಂದೆ ಕೂತರು, ಅವ್ವ ಹಿಂದೆ.

"ಲೈಟ್ ಬಂದಿಲ್ಲಲ್ಲ?"

"ಇಲ್ಲಪ್ಪ."

ಬೀದರಿನಲ್ಲಿ ಸೀರೆ, ಹೂವು, ಸ್ವೀಟು ಅಂತ ಒಂದು ತಾಸು ಹೋಯಿತು. ಚಹಾ ಕುಡಿಯುತ್ತಾ ನಿಂತಾಗ ಏರ್‌ಫೋರ್ಸ್ ಸ್ಟೇಷನ್ನಿನ ಕಡೆಯಿಂದ ಒಂದು ಹಾಕ್ ಜೆಟ್ ಮೇಲೆ ಹಾದುಹೋಯಿತು. 1996ರಲ್ಲಿ ಸೂರ್ಯಕಿರಣ ತಂಡ ಶುರುವಾಗಿದ್ದು ನಮ್ಮ ಬೀದರಿನಲ್ಲೇ ಎಂದು ಅಪ್ಪ ಯಾರು ಬಂದರೂ ಹೇಳುತ್ತಾರೆ. ಅವತ್ತು ಇನ್ನೊಂದು ಮಾತು ಸೇರಿಸಿದರು. "ಅವ್ರೂ ಹತ್ತೋಕಿಂತ ಮದ್ಲ ವಿಮಾನದ ಸುತ್ತ ತಿರುಗಿ ಕೈಲಿ ಮುಟ್ಟಿ ನೋಡ್ತಾರಂತ." ನಾನು ಹೂಂ ಅಂದೆ, ಅಷ್ಟೇ.

ಜನವಾಡ ದಾಟಿ, ಕೌಠಾ ಹತ್ತಿರ ಮಾಂಜ್ರಾ ನದಿಯ ಸೇತುವೆ ದಾಟಿದೆವು. ಕಬ್ಬಿನ ಕಾಲ. ಎದುರಿಗೆ ಒಂದರ ಹಿಂದೆ ಒಂದು ಕಬ್ಬು ತುಂಬಿದ ಟ್ರ್ಯಾಕ್ಟರು, ಪ್ರತಿಯೊಂದಕ್ಕೂ ಎರಡೆರಡು ಟ್ರೇಲರು. ಅಪ್ಪ ತಟ್ಟನೆ ಅಂದರು, "ಗಾಡಿ ಎಡಕ್ಕ ಎಳಿಲಾಕತ್ತದ. ನಿಲ್ಸು."

ನಾನು ಏನು ಮಾಡಿದೆ ಗೊತ್ತಾ? ಡ್ಯಾಶ್‌ಬೋರ್ಡ್ ನೋಡಿದೆ. ದೀಪ ಇರಲಿಲ್ಲ. "ಇಲ್ಲಪ್ಪ, ರೋಡ್ ಹಂಗ ಅದ" ಅಂದೆ.

ಆ ದೀಪವನ್ನು ನಾನೇ ಸುಮ್ಮನಾಗಿಸಿದ್ದೆ ಎನ್ನುವುದು ಆ ಗಳಿಗೆಯಲ್ಲಿ ನನಗೇ ಮರೆತು ಹೋಗಿತ್ತು. ಇದನ್ನು ಬರೆಯಲು ಇಷ್ಟು ತಿಂಗಳು ಬೇಕಾಯಿತು. ಮೋಸ ಮಾಡಿದವನೇ ತನ್ನ ಮೋಸವನ್ನು ನಂಬಿ ಕೂತಿದ್ದ.

ಇನ್ನರ್ಧ ಕಿಲೋಮೀಟರು ಹೋಗಿರಬಹುದು. ಮುಂದಿನ ಎಡ ಟೈರು ಬದಿಯಲ್ಲಿ ಹರಿದು ಪೂರ್ತಿ ಕೂತಿತು. ಸ್ಟೀರಿಂಗ್ ಕೈ ಕಿತ್ತುಕೊಂಡಿತು. ಎಡಕ್ಕೆ ಎಳೆಯುತ್ತಿದ್ದುದು ನಮ್ಮ ಪುಣ್ಯ, ಬಲಕ್ಕೆ ಎಳೆದಿದ್ದರೆ ನೇರ ಕಬ್ಬಿನ ಟ್ರೇಲರಿಗೆ. "ಬ್ರೇಕ್ ಒತ್ತಬ್ಯಾಡ, ಸೀದಾ ಹಿಡಿ, ಸೀದಾ ಹಿಡಿ" ಎಂದು ಅಪ್ಪ ಅಂದದ್ದು ಕೇಳಿಸಿತು. ಮಣ್ಣಿನ ಅಂಚಿಗೆ ಇಳಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವ್ವನ ಮಡಿಲಲ್ಲಿದ್ದ ಹೂವಿನ ಬುಟ್ಟಿ ಮಾತ್ರ ಕೆಳಗೆ ಬಿತ್ತು.

ಅಪ್ಪ ಇಳಿದು ಟೈರು ನೋಡಿದರು. ಮುಟ್ಟಿ ನೋಡಿ ಬಿಸಿಗೆ ಕೈ ಹಿಂದೆ ತೆಗೆದರು. "ಇದು ಈಗ ಹೋದ ಹವಾ ಅಲ್ಲ. ಭಾಲ್ಕಿಯಿಂದ ಹೋಗಲಾಕತ್ತದ. ಮತ್ತ ಲೈಟ್ ಯಾಕ ಬರಲಿಲ್ಲ?"

ಸ್ಟೆಪ್ನಿ ತೆಗೆಯಬೇಕೆಂದರೆ ಡಿಕ್ಕಿಯ ಹಾಸು ಎತ್ತಲೇಬೇಕು. ಎತ್ತಿದೆ. ಪೈಪು ಅಲ್ಲೇ ಮಲಗಿತ್ತು, ಒಳಗೆ ನಾಲ್ಕು ಸೆನ್ಸರು, 33 ಪಿಎಸ್‌ಐ.

"ಇದೇನದ?"

ಹೇಳಿದೆ. ಎಲ್ಲಾ ಹೇಳಿದೆ. ಅಪ್ಪ ಬೈಯಲಿಲ್ಲ. ಜ್ಯಾಕ್ ತಗೊಂಡು ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗೆ ಒಂದು ಚಪ್ಪಡಿ ಕಲ್ಲು ಇಟ್ಟರು. ನಟ್ಟು ಸಡಿಲಿಸುತ್ತಾ ಒಂದೇ ಮಾತು ಅಂದರು. "ಮದ್ಲ ಹೇಳಿದ್ದಿ ಅಂದ್ರ, ನಾ ಬಡದು ನೋಡ್ತಿದ್ದೆ."

ಔರಾದ ಮುಟ್ಟುವ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ರೇಡಿಯಲ್ ಟೈರು 33ರಿಂದ 22ಕ್ಕೆ ಇಳಿದರೂ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದರೆ ಓಡುವಾಗ ಬದಿ ಮಡಚಿ ಮಡಚಿ ಕಾಯುತ್ತದೆ, ಕೊನೆಗೆ ಹರಿಯುತ್ತದೆ. ಅಮೆರಿಕದಲ್ಲಿ ಟೈರುಗಳ ಪಟ್ಟಿ ಕಿತ್ತು ಎಸ್‌ಯುವಿಗಳು ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ 2000ದಲ್ಲಿ ಟ್ರೆಡ್ ಕಾಯ್ದೆ ಬಂತು. 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಒತ್ತಡ ಶೇಕಡಾ 25ರಷ್ಟು ಇಳಿದರೆ ಅದು ಉರಿಯಬೇಕು, ಅಂದರೆ 33 ಇದ್ದದ್ದು ಸುಮಾರು 25 ಆದಾಗ. ಯೂರೋಪಿನಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ನಮ್ಮಲ್ಲಿ 2020ರಲ್ಲಿ ನಿಯಮ ತಿದ್ದಿ, ಟಿಪಿಎಂಎಸ್, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಇಲ್ಲದಿದ್ದರೂ ನಡೆಯುತ್ತದೆ ಎಂದರು. ಸ್ಟೆಪ್ನಿಯ ಬದಲಿಗೆ ನಂಬುವಂಥ ದೀಪ ಅದು. ಅದನ್ನು ನಾನು ಪೈಪಿನಲ್ಲಿ ಹಾಕಿ ಮುಚ್ಚಿದ್ದೆ. ಅಂದಹಾಗೆ ಪಿವಿಸಿ ಪೈಪು ನೀರಿಗೆ ಮಾಡಿದ್ದು, ಒತ್ತಿದ ಹವೆಗೆ ಅಲ್ಲ. ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿಯಲ್ಲಿ, ಅವ್ವನ ಸೀಟಿನ ಹಿಂದೆ... ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ.

ಎರಡು ಸೆಟ್ ಚಕ್ರ ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದರೆ, ಈಗ ನಾನು ಮಾಡುವುದು ಇಷ್ಟು.

ಹಳೆಯ ನಾಲ್ಕು ಸೆನ್ಸರು ಮನೆ ಚಕ್ರಗಳಿಗೆ ಮರಳಿವೆ. ಟ್ರ್ಯಾಕ್ ಚಕ್ರಗಳಿಗೆ ಪ್ರೋಗ್ರಾಂ ಮಾಡಬಹುದಾದ ಸೆನ್ಸರು ಕೊಂಡು ಅದೇ ನಾಲ್ಕು ಐಡಿಗಳನ್ನು ನಕಲು ಮಾಡಿಸಿದ್ದೇನೆ. ಯಾವ ಸೆಟ್ ಹಾಕಿದರೂ ಕಾರಿಗೆ ಪರಿಚಿತರೇ, ಮತ್ತೆ ಕಲಿಸುವ ಕೆಲಸವಿಲ್ಲ. ಆದರೆ ಒಂದೇ ಐಡಿಯ ಇಬ್ಬರು ಹತ್ತಿರ ಹತ್ತಿರ ಇರಬಾರದು, ಇಬ್ಬರ ಮಾತೂ ಕಾರಿನ ಕಿವಿಗೆ ಬೀಳುತ್ತದೆ. ಅದಕ್ಕೇ ಟ್ರ್ಯಾಕ್ ಚಕ್ರಗಳು ಗೆಳೆಯನ ಗಾಡಿಯಲ್ಲಿ ಹೋಗುತ್ತವೆ. ಐಡಿಗಳನ್ನು ತಾನೇ ಕಲಿಯುವ ಕಾರಿದ್ದರೆ ನಕಲು ಬೇಡ, ಬೇರೆ ಐಡಿಯ ಸೆಟ್ ಹಾಕಿ ಸ್ವಲ್ಪ ಹೊತ್ತು ಓಡಿಸಿದರೆ ಸಾಕು. ಸೆನ್ಸರೇ ಇಲ್ಲದೆ ಎಬಿಎಸ್ ಮೂಲಕ ಚಕ್ರದ ವೇಗ ಎಣಿಸುವ ಕಾರುಗಳೂ ಇವೆ. ಹವಾ ಕಡಿಮೆಯಾದ ಚಕ್ರದ ಸುತ್ತಳತೆ ಕುಗ್ಗಿ ಅದು ಉಳಿದವಕ್ಕಿಂತ ಜೋರಾಗಿ ತಿರುಗುತ್ತದೆ, ಅದರಿಂದ ಪತ್ತೆ. ಅಂಥ ಕಾರಿನಲ್ಲಿ ಚಕ್ರ ಬದಲಿಸಿದ ಪ್ರತಿ ಸಲವೂ ಟೈರು ತಣ್ಣಗಿದ್ದಾಗ ಹವಾ ಸರಿ ಮಾಡಿ ರೀಸೆಟ್ ಒತ್ತಬೇಕು. ಒತ್ತಡ ತಪ್ಪಿದ್ದಾಗ ಒತ್ತಿದರೆ ಆ ತಪ್ಪನ್ನೇ ಸರಿ ಎಂದು ಕಲಿತುಬಿಡುತ್ತದೆ.

ಟ್ರ್ಯಾಕಿನಲ್ಲಿ ಬೆಳಿಗ್ಗೆ 26ಕ್ಕೆ ಇಳಿಸಿದರೆ ಕೆಲವು ಸುತ್ತಿನಲ್ಲಿ ಟೈರು ಕಾದು 33ರ ಹತ್ತಿರ ಹೋಗುತ್ತದೆ. ತಣ್ಣಗಿದ್ದಾಗ ದೀಪ ಬಂದರೆ ಗಾಬರಿ ಬೇಡ. ವಾಪಸ್ ಹೊರಡುವ ಮೊದಲು ಮರೆಯದೆ ಏರಿಸಿ. ಮೇ ಮಧ್ಯಾಹ್ನ ತುಂಬಿದ ಹವಾ ಡಿಸೆಂಬರ್ ಮುಂಜಾನೆಗೆ ಟೈರು ಸೋರದಿದ್ದರೂ ನಾಲ್ಕು ಪಿಎಸ್‌ಐ ಕಡಿಮೆ ತೋರಿಸುತ್ತದೆ, ಅದೂ ನೆನಪಿರಲಿ. ಪಂಕ್ಚರ್ ಅಂಗಡಿಯಲ್ಲಿ ಮೊದಲೇ "ವಾಲ್ವಿನ ಹತ್ತಿರ ಸೆನ್ಸರ್ ಅದ" ಎಂದು ಹೇಳಿ, ಟೈರು ಕಳಚುವಾಗ ಮುರಿಯುವುದು ಅಲ್ಲೇ. ಇಷ್ಟೆಲ್ಲ ಬೇಡ ಅನ್ನಿಸಿದರೆ ಸೆನ್ಸರ್ ಇಲ್ಲದ ಚಕ್ರ ಹಾಕಿ ದೀಪ ಉರಿಯಲು ಬಿಡಿ, ಗೇಜು ಹಿಡಿದು ಕೈಯಾರೆ ನೋಡಿಕೊಳ್ಳಿ. "ನನಗೆ ಗೊತ್ತಿಲ್ಲ" ಎನ್ನುವ ದೀಪ ಸುಳ್ಳು ಹೇಳುವುದಿಲ್ಲ.

ಕಳೆದ ಸಲ ಭಾಲ್ಕಿಗೆ ಹೋದಾಗ ಹೊರಡುವ ಮುಂಜಾನೆ ಅಪ್ಪ ಪಾನಾ ಹಿಡಿದು ಹೊರಗೆ ಬಂದರು. ಕಾರಿನ ಸಣ್ಣ ಟೈರಿಗೆ ಬಡಿದು ನೋಡುವುದು ಬಸ್ಸಿನಷ್ಟು ನಿಖರವಲ್ಲ ಎಂದು ನನಗೆ ಗೊತ್ತು, ಬಹುಶಃ ಅವರಿಗೂ ಗೊತ್ತು. ನಾನೇನೂ ಹೇಳಲಿಲ್ಲ. ಗೇಜು ತಗೊಂಡು ಹಿಂದೆ ಹಿಂದೆ ಹೋದೆ. ಅವರು ಬಡಿದರು, ನಾನು ಅಳೆದೆ. ನಾಲ್ಕೂ ಮುಗಿದ ಮೇಲೆ "ಹಾಂ, ಹೊಂಡು" ಅಂದರು.

"ಲೈಟ್ ಬಂದಿಲ್ಲಲ್ಲ?" ಎಂದು ಅವರು ಇನ್ನೂ ಕೇಳಿಲ್ಲ. ಕೇಳುವ ದಿನಕ್ಕೆ ಕಾಯುತ್ತಿದ್ದೇನೆ.