ದೂರದಿಂದ ನೋಡುವ ಡಾಕ್ಟರರು

ನಮ್ಮ ಬೀದರ ಸೀಮೆಯಲ್ಲಿ ಮನೆಯವರೊಬ್ಬರ ಬೇನೆ ವಿಕೋಪಕ್ಕೆ ಹೋಯಿತೆಂದರೆ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ ಒಯ್ಯುವದು?’ ಎಂಬುದೇ. ಔರಾದದವರು ಉದಗೀರ, ಲಾತೂರಗಳ ಹೆಸರು ಹೇಳುವರು. ಭಾಲ್ಕಿಯವರು ಬೀದರಕ್ಕೆ ಓಡುವರು. ಬೀದರದವರು ಹೈದರಾಬಾದಿನ ಹಾದಿ ಹಿಡಿಯುವರು. ಬೆಂಗಳೂರು ನಮ್ಮ ರಾಜಧಾನಿಯೆಂಬುದೇನೋ ನಿಜ. ಆದರೆ ಅದು ಸುಮಾರು 700 ಕಿಲೋಮೀಟರು ದೂರ, ಹೈದರಾಬಾದು 140ರ ಆಸುಪಾಸು. 1956ರಲ್ಲಿ ನಾವು ಹೈದರಾಬಾದ ರಾಜ್ಯದಿಂದ ಬೇರೆಯಾಗಿ ಕನ್ನಡ ನಾಡನ್ನು ಸೇರಿದೆವು. ರೋಗಿಯ ಹಾದಿ ಮಾತ್ರ ಬದಲಾಗಲಿಲ್ಲ.

ಈ ಹಾದಿಯೇ ಹಲವು ಸಲ ಬೇನೆಗಿಂತ ಕಠಿಣವಾಗುವದು. ರಕ್ತದೊತ್ತಡ ಇಳಿಯುತ್ತಿರುವಾಗ, ಉಸಿರಿಗೆ ಯಂತ್ರದ ಆಸರೆ ಬೇಕಾಗಿರುವಾಗ, ರೋಗಿಯನ್ನು ಆಂಬ್ಯುಲೆನ್ಸಿನಲ್ಲಿ ಮೂರು ತಾಸು ಕುಲುಕಿಸುವದು ಸಣ್ಣ ಮಾತಲ್ಲ. ಬೀದರದಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜುಂಟು. ಖಾಸಗಿ ದವಾಖಾನೆಗಳಿಗೂ ಕಡಿಮೆಯಿಲ್ಲ. ಹಾಸಿಗೆ, ಯಂತ್ರ, ಆಮ್ಲಜನಕಗಳನ್ನು ಹಣ ಕೊಟ್ಟು ತರಬಹುದು. ನಮ್ಮಂಥ ಊರುಗಳಲ್ಲಿ ದುರ್ಲಭರಾದವರೆಂದರೆ, ಇಂಥ ರೋಗಿಗಳ ಚಿಕಿತ್ಸೆಯನ್ನೇ ವಿಶೇಷವಾಗಿ ಕಲಿತು ನಡುರಾತ್ರಿಯಲ್ಲಿಯೂ ಎಚ್ಚರವಿರುವ ತಜ್ಞರು.

ಈ ಕೊರತೆಗೆ ಕಂಡುಕೊಂಡ ಉಪಾಯವೇ ಟೆಲಿ-ಐ.ಸಿ.ಯು. ಹಾಸಿಗೆಯ ಬಳಿಯ ಕರಿಯ ತೆರೆಯ ಮೇಲೆ, ನಮ್ಮ ಬಿದರಿ ಹೂಜಿಯ ಮೈಮೇಲಿನ ಬೆಳ್ಳಿಯ ಎಳೆಗಳಂತೆ, ನಾಡಿ, ಉಸಿರು, ರಕ್ತದೊತ್ತಡಗಳ ಗೆರೆಗಳು ಓಡುತ್ತಿರುವವಷ್ಟೆ. ಅವೇ ಗೆರೆಗಳು ಅದೇ ಕ್ಷಣಕ್ಕೆ ದೂರದ ಊರಿನ ತಜ್ಞರ ಮುಂದೆಯೂ ಮೂಡುವವು. ಗೋಡೆಯ ಮೇಲಿನ ಕ್ಯಾಮೆರಾವನ್ನು ಅವರು ಕುಳಿತಲ್ಲಿಂದಲೇ ತಿರುಗಿಸಿ ರೋಗಿಯ ಮುಖ ನೋಡುವರು. ದಾದಿಯ ಸಂಗಡ ಮಾತಾಡುವರು. ಅಮೇರಿಕೆಯ ನಾರ್ಫೋಕ್ ಎಂಬ ಊರಿನಲ್ಲಿ 2000ದಲ್ಲಿ ಈ ಏರ್ಪಾಡು ಮೊದಲಾಯಿತು. ನಮ್ಮ ರಾಜ್ಯದಲ್ಲಿ ಅದಾದ ಕೆಲವೇ ವರುಷಗಳಲ್ಲಿ ಇಸ್ರೋದವರು ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದರು. 2017ರಲ್ಲಿ ಡಾ. ಧ್ರುವ ಜೋಶಿ, ಡಾ. ದಿಲೀಪ್ ರಾಮನ್ ಎಂಬ ಇಬ್ಬರು ವೈದ್ಯರು ಬೆಂಗಳೂರಿನಲ್ಲಿ ಕ್ಲೌಡ್‌ಫಿಜಿಶಿಯನ್ ಎಂಬ ಸಂಸ್ಥೆಯನ್ನು ಇದೇ ಉದ್ದೇಶಕ್ಕಾಗಿ ಕಟ್ಟಿದರು. 2020ರ ಕೋವಿಡ್ ಕಾಲದಲ್ಲಿ ಸರಕಾರವೂ ಜಿಲ್ಲಾ ಆಸ್ಪತ್ರೆಗಳ ರೋಗಿಗಳ ವಿಷಯವನ್ನು ಬೆಂಗಳೂರಿನ ತಜ್ಞರು ದೂರದಿಂದಲೇ ವಿಚಾರಿಸುವಂತೆ ಮಾಡಿತು. ಮರುವರುಷ, ಸಣ್ಣ ಊರುಗಳ ಸರಕಾರಿ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಯ ಐ.ಸಿ.ಯು.ಗಳನ್ನು ತೆರೆದು ದೊಡ್ಡ ಆಸ್ಪತ್ರೆಗಳಿಗೆ ಜೋಡಿಸುವ ಯೋಜನೆ ಹೊರಟಿತು.

ಇದೆಲ್ಲ ಓದಿ ತಿಳಿದದ್ದು. ಕಣ್ಣಾರೆ ಕಂಡದ್ದು ಬೇರೆ. ಔರಾದದಲ್ಲಿರುವ ನನ್ನ ಅಕ್ಕನಿಗೆ ಒಂದು ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ, ಬೀದರದ ಒಂದು ದವಾಖಾನೆಯಲ್ಲಿ ಸೇರಿಸಿದ್ದರು. ಅಲ್ಲಿ ಈ ಏರ್ಪಾಡು ಇದ್ದಿತು. ಎರಡನೆಯ ರಾತ್ರಿ ಉಸಿರಾಟದ ಯಂತ್ರ ಹಚ್ಚಬೇಕಾಯಿತು. ಅಕ್ಕನ ಮಗ ನನ್ನನ್ನು ಮೂಲೆಗೆ ಕರೆದು, “ಮಾಮಾ, ಹೈದರಾಬಾದಕ್ಕ ಒಯ್ಯೂಣೇನ್ರಿ? ಹಾದ್ಯಾಗ ಏನರ ಆದ್ರ ಏನ್ ಮಾಡೂದು?” ಎಂದನು. ನನಗೂ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಗೋಡೆಯ ಕಡೆಯಿಂದ ಒಂದು ಹೆಣ್ಣುದನಿ ಕೇಳಿತು: “ಸಿಸ್ಟರ್, ಇವರ ಎತ್ತರ ಎಷ್ಟು?”

ದಾದಿ ಟೇಪು ತಂದು ತಲೆಯಿಂದ ಹಿಮ್ಮಡಿಯವರೆಗೆ ಅಳೆದಳು. ಸೊಸೆಗೆ ಕಸಿವಿಸಿಯಾಯಿತು, ಮಲಗಿದವರಿಗೆ ಅಳತೆ ಹಿಡಿದರೆ ನಮ್ಮ ಜನ ಏನೆಂದು ಭಾವಿಸುವರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರಣ ಮಾತ್ರ ಸರಳವಾದದ್ದು. ಮೈ ಎಷ್ಟು ದಪ್ಪವಾದರೂ ಶ್ವಾಸಕೋಶ ದೊಡ್ಡದಾಗದು. ಅದರ ಅಳತೆ ಎತ್ತರಕ್ಕೆ ತಕ್ಕಂತಿರುವದು. ಆದುದರಿಂದ ಯಂತ್ರವು ಒಂದು ಸಲಕ್ಕೆ ಎಷ್ಟು ಗಾಳಿ ನೂಕಬೇಕೆಂಬುದನ್ನು ತಕ್ಕಡಿಯ ತೂಕದಿಂದಲ್ಲ, ಎತ್ತರದಿಂದ ಲೆಕ್ಕ ಹಾಕುವರು. ಬೇನೆಬಿದ್ದ ಶ್ವಾಸಕೋಶಕ್ಕೆ ಹೆಚ್ಚು ಗಾಳಿ ನೂಕಿದರೆ ಅದು ಇನ್ನಷ್ಟು ಹಾಳಾಗುವದು. ಶ್ವಾಸಕೋಶ ತೀರ ಕೆಟ್ಟವರ ಮೇಲೆ ಅಮೇರಿಕೆಯಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಗಾಳಿಯ ಅಳತೆಯನ್ನು ಅರ್ಧಕ್ಕಿಳಿಸಿದ ಮಾತ್ರಕ್ಕೆ ಸಾವುಗಳು ನೂರಕ್ಕೆ 40ರಿಂದ 31ಕ್ಕೆ ಇಳಿದವು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಗುಂಡಿ ತಿರುಗಿಸಲು ತಿಳಿದವರು ಬೇಕು, ಅಷ್ಟೇ. ಆ ತಿಳಿವಳಿಕೆಯು ತಂತಿಯ ಮೇಲೆ ಬಂದಿತು.

ಡಾಕ್ಟರರು ಅಕ್ಕನ ಮಗನ ಸಂಗಡ ಹತ್ತು ನಿಮಿಷ ಮಾತಾಡಿ, ಇಲ್ಲಿಯೇ ಇರಿಸಿಕೊಳ್ಳಬಹುದೆಂದರು. ಹನ್ನೊಂದನೆಯ ದಿನ ಅಕ್ಕ ಮನೆಗೆ ಬಂದಳು. ಈಗಲೂ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಳು; ಆದರೂ ‘ಗ್ವಾಡಿ ಮ್ಯಾಗಿನ ಡಾಕ್ಟರಮ್ಮ’ನನ್ನು ಊಟಕ್ಕೆ ಕರೆಯಬೇಕೆಂದು ಹಟ ಹಿಡಿದಿರುವಳು.

ಆದರೆ ಒಬ್ಬಳು ಬದುಕಿದ ಮಾತ್ರಕ್ಕೆ ಪದ್ಧತಿಯೇ ಸಿದ್ಧವಾಯಿತೆನ್ನಲಾಗದು. ಅಮೇರಿಕೆಯ ವೂಸ್ಟರ್ ಊರಿನ 6,290 ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ವರದಿಯಲ್ಲಿ, ಈ ಏರ್ಪಾಡಿನ ತರುವಾಯ ಸಾವು ನೂರಕ್ಕೆ 13.6ರಿಂದ 11.8ಕ್ಕೆ ಇಳಿದಿತ್ತು. ಬ್ರೆಜಿಲಿನ 30 ಐ.ಸಿ.ಯು.ಗಳಲ್ಲಿ ನಡೆದು 2024ರಲ್ಲಿ ಹೊರಬಂದ ಪರೀಕ್ಷೆಯಲ್ಲಾದರೋ, ದೂರದ ತಜ್ಞರು ದಿನಾಲು ವಿಚಾರಿಸಿದರೂ ರೋಗಿಗಳು ಅಲ್ಲಿ ಕಳೆಯುವ ದಿನಗಳು ಕಡಿಮೆಯಾಗಲಿಲ್ಲ. ನನಗೆ ಇದು ಆಶ್ಚರ್ಯವೆನಿಸದು. ಹೇಳಿದ್ದನ್ನು ಮಾಡುವ ಕೈ ಹಾಸಿಗೆಯ ಬಳಿ ಇಲ್ಲದಿದ್ದರೆ ಸಾವಿರ ಹರದಾರಿ ಆಚೆಯ ಕಣ್ಣಿನಿಂದ ಏನು ಪ್ರಯೋಜನ? ಆ ರಾತ್ರಿ ಟೇಪು ತಂದ ದಾದಿಗೆ ನೋಡಿಕೊಳ್ಳಲು ಎರಡೇ ಹಾಸಿಗೆಗಳಿದ್ದವು, ಎಂಟಿದ್ದಿದ್ದರೆ?

ಆದುದರಿಂದ ಇಂಥ ಸೌಕರ್ಯವುಂಟೆಂದು ಫಲಕ ಹಾಕಿದ ದವಾಖಾನೆಗೆ ಹೋದಾಗ ಗೃಹಸ್ಥರು ಸಂಕೋಚವಿಲ್ಲದೆ ಕೇಳತಕ್ಕ ಮಾತುಗಳಿವೆ: ರಾತ್ರಿ ಎಷ್ಟು ರೋಗಿಗಳಿಗೆ ಒಬ್ಬ ದಾದಿ? ದೂರದವರು ಇಡೀ ರಾತ್ರಿ ನೋಡುತ್ತಿರುವರೋ, ದಿನಕ್ಕೊಮ್ಮೆ ಮಾತ್ರವೋ? ಮಳೆಗಾಳಿಗೆ ತಂತಿ ಕಡಿದರೆ ಯಾರು ಬರುವರು? ಮನೆಯವರ ಸಂಗಡ ಅವರು ಕನ್ನಡದಲ್ಲಿ, ಬೇಕಾದರೆ ಮರಾಠಿ, ಉರ್ದುಗಳಲ್ಲಿ ಮಾತಾಡಬಲ್ಲರೋ? ಮತ್ತೆ, ಮೆದುಳಿನ ಶಸ್ತ್ರಕ್ರಿಯೆಯಂಥದು ಬೇಕಾದರೆ ದೂರದ ಮಾತಿನಿಂದ ಆಗುವದೇನೂ ಇಲ್ಲ. ಆಗ ತಡಮಾಡದೆ ‘ಈಗಲೇ ಹೊರಡಿರಿ’ ಎಂದು ಹೇಳುವದೂ, ಹಾದಿಗೆ ಬೇಕಾದ ಔಷಧವನ್ನು ಸೂಚಿಸಿ ಕಳಿಸುವದೂ ಆ ಡಾಕ್ಟರರ ಕೆಲಸವೇ.