ಬೆಂಗಳೂರಲ್ಲಿ ಕೂತು ಅಮೆರಿಕದ ವರದಿ

ಕಾಲೇಜಲ್ಲಿದ್ದಾಗ ‘ಫಾರಿನ್ ಕರೆಸ್ಪಾಂಡೆಂಟ್ ಆಗ್ತೀನಿ’ ಅಂತ ಹೇಳ್ಕೊಂಡು ತಿರುಗ್ತಿದ್ದೆ. ಒಂದು ಲೆಕ್ಕದಲ್ಲಿ ಆಗಿದ್ದೀನಿ ಕೂಡ. ದಿನಾ ಬರೆಯೋದು ಅಮೆರಿಕದ ಕಂಪನಿಗಳ ಸುದ್ದಿಯನ್ನೇ. ಆದರೆ ಅಮೆರಿಕ ನೋಡಿಲ್ಲ. ಸಂಜೆ ಯಲಹಂಕದಿಂದ ಹೊರಟು, ಹೆಬ್ಬಾಳದ ಟ್ರಾಫಿಕ್ ದಾಟಿ, ಅಲ್ಲಿನ ಷೇರುಪೇಟೆ ತೆರೆಯೋ ಹೊತ್ತಿಗೆ ಡೆಸ್ಕ್‌ನಲ್ಲಿರಬೇಕು. ಬೇಸಿಗೆಯಲ್ಲಿ ನಮ್ಮ ಏಳು ಗಂಟೆ, ಚಳಿಗಾಲದಲ್ಲಿ ಎಂಟು. ಎದುರು ಸಾಲಲ್ಲಿ ಸೂಟ್‌ಕೇಸ್ ಹೊತ್ತ ಕ್ಯಾಬ್‌ಗಳು ಏರ್‌ಪೋರ್ಟ್ ಕಡೆ ಹೋಗ್ತಿರುತ್ತವೆ.

ಇದೇನೂ ಹೊಸ ಪದ್ಧತಿಯಲ್ಲ. ರಾಯಿಟರ್ಸ್ 2004ರಲ್ಲೇ ಬೆಂಗಳೂರಲ್ಲಿ ಪತ್ರಕರ್ತರನ್ನು ಕೂರಿಸಿ ಅಮೆರಿಕದ ಕಂಪನಿಗಳ ಸುದ್ದಿ ಬರೆಸೋಕೆ ಶುರುಮಾಡಿತ್ತು. ಕಂಪನಿಯ ಪ್ರಕಟಣೆ ನ್ಯೂಯಾರ್ಕಿಗೂ ಇಲ್ಲಿಗೂ ಒಂದೇ ಕ್ಷಣಕ್ಕೆ ಬರುತ್ತೆ. ಸಂಬಳ ಮಾತ್ರ ಎರಡೂ ಕಡೆ ಒಂದೇ ಅಲ್ಲ!

ನಮ್ಮವರೇ ಆದ ಎಂ.ವಿ. ಕಾಮತ್ ಅವರ ಕಾಲ ಬೇರೆ. 1921ರಲ್ಲಿ ಉಡುಪಿಯಲ್ಲಿ ಹುಟ್ಟಿದವರು, ಮೊದಲು ಕೆಮಿಸ್ಟ್ ಆಗಿದ್ದರು. 1946ರಲ್ಲಿ ಮುಂಬೈಯ ಫ್ರೀ ಪ್ರೆಸ್ ಜರ್ನಲ್ ಸೇರಿದರು. ಆಮೇಲೆ ಪಿಟಿಐಗಾಗಿ ವಿಶ್ವಸಂಸ್ಥೆ, ಟೈಮ್ಸ್ ಆಫ್ ಇಂಡಿಯಾಕ್ಕಾಗಿ ಯುರೋಪ್, 1969ರಿಂದ 1978ರವರೆಗೆ ವಾಷಿಂಗ್ಟನ್. ಬಾಂಗ್ಲಾ ಯುದ್ಧದ ಹೊತ್ತಲ್ಲಿ ನಿಕ್ಸನ್ ರಾಜಧಾನಿಯಲ್ಲಿ ಭಾರತದ ವರದಿಗಾರ! ಆ ಒಂಬತ್ತು ವರ್ಷಕ್ಕೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು. ಅವರು ಊರಿಗೆ ಅಮೆರಿಕವನ್ನು ಹೇಳ್ತಿದ್ದರು. ನಾನು ಅಮೆರಿಕದ ಸುದ್ದಿಯನ್ನು ಅಮೆರಿಕಕ್ಕೇ ಹೇಳ್ತೀನಿ.

ಕೆಲಸ ಹಗುರದ್ದಲ್ಲ, ಬಿಡಿ. ಬ್ಯಾಲೆನ್ಸ್ ಶೀಟ್ ಓದೋಕೆ ವಾಷಿಂಗ್ಟನ್‌ನಲ್ಲಿ ಮನೆ ಮಾಡಬೇಕಿಲ್ಲ. ಆದರೆ ಹೋದ ವರ್ಷ ಒಹಾಯೊದ ಒಂದು ಸಣ್ಣ ಊರಲ್ಲಿ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಕಾರ್ಮಿಕರೊಬ್ಬರಿಗೆ ಫೋನ್ ಮಾಡಿದ್ದೆ. ಎಲ್ಲಿಂದ ಮಾತಾಡ್ತಿದ್ದೀರಿ ಅಂದರು. ಬೆಂಗಳೂರು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕು, ‘ನನ್ನ ಕೆಲಸ ಮೆಕ್ಸಿಕೋಗೆ ಹೋಯ್ತು, ಪತ್ರಕರ್ತರದ್ದು ನಿಮ್ಮಲ್ಲಿಗೆ’ ಅಂದರು. ಇಪ್ಪತ್ತು ನಿಮಿಷ ಮಾತಾಡಿದರು. ಶಿಫ್ಟ್ ಬಿಡೋ ಹೊತ್ತಿಗೆ ಗೇಟಿನ ಹತ್ತಿರ ಬರ್ತಿದ್ದ ತಿಂಡಿ ಗಾಡಿಯೂ ಈಗ ಬರಲ್ಲವಂತೆ. ಪೀಣ್ಯದಲ್ಲಿ ಕೆಲಸ ಮಾಡಿದ ನಮ್ಮಪ್ಪನೂ ಹೀಗೇ ಗೇಟಿನ ಗಾಡಿಗಳ ಸುದ್ದಿ ಹೇಳೋರು.

ಅಚ್ಚಾಗಿದ್ದು ಮೂರು ಪ್ಯಾರಾ. ಮೊದಲ ಸಾಲಲ್ಲಿ ಷೇರು ಬೆಲೆ ಏರಿದ್ದು. ಗಾಡಿಗೆ ಜಾಗ ಇರಲಿಲ್ಲ.

ಈ ಸಲ ನ್ಯೂಯಾರ್ಕ್ ಪೋಸ್ಟಿಂಗ್‌ಗೆ ಅರ್ಜಿ ಹಾಕಿದ್ದೀನಿ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ. ‘ಅಲ್ಲಿಗೆ ಹೋದ್ರೂ ಇದನ್ನೇ ತಾನೆ ಬರೆಯೋದು? ಇಲ್ಲಿಂದ್ಲೇ ಬರಿಯೇ’ ಅಂತಾಳೆ. ಇಂಟರ್‌ವ್ಯೂ ಮುಂದಿನ ವಾರ.