ಭಾಷಣಗಳಿಗೆ ಅಂಕ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದಿದ ಕೈಯಿದು. ವಿಶ್ರಾಂತಿ ದೊರೆತ ಮೇಲೂ ಕೆಂಪು ಮಸಿಯನ್ನು ಬಿಡಲೊಲ್ಲದು. 2024ನೆಯ ಇಸವಿಯ ಲೋಕಸಭಾ ಚುನಾವಣೆಯ ಬೇಸಗೆಯಲ್ಲಿ, ಬೇರೆ ಉದ್ಯೋಗವಿಲ್ಲದೆ, ವೃತ್ತಪತ್ರಿಕೆಯಲ್ಲಿ ಬರುತ್ತಿದ್ದ ರಾಜಕಾರಣಿಗಳ ಭಾಷಣಗಳಿಗೆ ಹತ್ತಕ್ಕೆ ಇಷ್ಟೆಂದು ಅಂಕ ಹಾಕತೊಡಗಿದೆನು.

ಅಳತೆಗೋಲನ್ನು ಹುಡುಕಬೇಕಾಗಿರಲಿಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆಯಷ್ಟೆ. ನಿಜವನ್ನು ತಿಳಿಯಬೇಕೆಂದು ಪ್ರಮಾಣಪೂರ್ವಕವಾಗಿ ಆಡುವುದು ವಾದ. ಗೆಲ್ಲುವುದೊಂದೇ ಗುರಿಯಾಗಿ, ಛಲಕ್ಕೂ ಹೇಸದೆ ಆಡುವುದು ಜಲ್ಪ. ತನ್ನ ಪಕ್ಷವೇನೆಂಬುದನ್ನು ಸ್ಥಾಪಿಸದೆ ಎದುರಾಳಿಯನ್ನು ಕೆಡಹುವುದಷ್ಟೇ ವಿತಂಡ. ಛಲವೆಂದರೆ ಇಲ್ಲಿ ಹಟವಲ್ಲ. ಆಡಿದವನ ಅಭಿಪ್ರಾಯವನ್ನು ಬಿಟ್ಟು ಮಾತಿಗೆ ಬೇರೆ ಅರ್ಥ ಹಚ್ಚುವುದು. ಇದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ‘ನವಕಂಬಲ’ದ ಉದಾಹರಣೆಯನ್ನು ಕೊಡುತ್ತಾನೆ. ಹೇಳಿದವನ ಮನಸ್ಸಿನಲ್ಲಿರುವುದು ಹೊಸ ಕಂಬಳಿ. ಛಲವಾದಿಯಾದರೋ ಒಂಬತ್ತು ಕಂಬಳಿಗಳೆಲ್ಲಿ ಎಂದು ಕೇಳುತ್ತಾನೆ. ಎದುರಾಳಿಯ ಭಾಷಣದಿಂದ ಒಂದೇ ವಾಕ್ಯವನ್ನು ಕಿತ್ತು ತಂದು ಚಪ್ಪಾಳೆ ಗಿಟ್ಟಿಸುವ ನಮ್ಮ ಸಭೆಗಳನ್ನು ಆತನು ಕಂಡೇ ಬರೆದಂತಿದೆ!

ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯೂ ಇದಕ್ಕೆ ದೂರವಲ್ಲ. 1960ರಲ್ಲಿ ಕೇರಳದ ಚುನಾವಣೆಯ ಕಾಲಕ್ಕೆ ಅದರ ಮೊದಲ ರೂಪ ಹುಟ್ಟಿತು. ಟೀಕೆಯು ಇತರ ಪಕ್ಷಗಳ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಗಳಿಗೆ ಮಿತವಾಗಿರಬೇಕು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ಖಾಸಗಿ ಬಾಳನ್ನು ಮುಟ್ಟಕೂಡದು ಎಂಬುದು ಅದರ ವಿಧಿ.

ಒಂದು ದಿನ, ನನ್ನ ಮನಸ್ಸಿಗೆ ಒಪ್ಪಿದ ನಾಯಕರೊಬ್ಬರು ಎದುರಾಳಿಯ ಮನೆಯವರನ್ನು ಮಾತಿಗೆಳೆದು ಹಾಸ್ಯಮಾಡಿದ್ದರು. ‘ರಸವತ್ತಾಗಿದೆ’ ಎಂದು ಬರೆದು 6 ಅಂಕ ಕೊಟ್ಟೆನು. ಜಗಲಿಯಲ್ಲಿ ಕುಳಿತಿದ್ದ ನೆರೆಮನೆಯ ರಾಯರು, ಇಪ್ಪತ್ತು ವರ್ಷಗಳ ಸ್ನೇಹಿತರು, “ಇದು ಸಭ್ಯರು ಆಡುವ ಮಾತೇ, ಮೇಷ್ಟ್ರೇ?” ಎಂದರು. “ನೀವು ಆ ಪಕ್ಷದವರು, ಹಾಗನ್ನದೆ ಇನ್ನೇನು ಅಂದೀರಿ?” ಎಂದುಬಿಟ್ಟೆನು. ರಾಯರು ಎದ್ದುಹೋದರು. ಮರುದಿನವೂ ಬರಲಿಲ್ಲ, ವಾರವಾದರೂ ಬರಲಿಲ್ಲ.

ಒಳಗಿನಿಂದ ನನ್ನ ಮನೆಯವಳು ಎಲ್ಲವನ್ನೂ ಕೇಳಿದ್ದಳು. ಒಂದು ಬೆಳಗ್ಗೆ, “ಕನ್ನಡಕ ತೆಗೆದಿಡಿ, ಇವತ್ತು ನಾನು ಓದುತ್ತೇನೆ” ಎಂದು ಹಳೆಯ ಪತ್ರಿಕೆಗಳ ಕಟ್ಟನ್ನೇ ತಂದಳು. ಹೆಸರುಗಳನ್ನು ನುಂಗಿಕೊಂಡು ನಾಲ್ಕೈದು ಭಾಷಣಗಳನ್ನು ಓದಿದಳು. ಕೆರೆಗಳ ಹೂಳೆತ್ತುವ ಕೆಲಸ ಎಷ್ಟಾಯಿತು, ಎಷ್ಟು ಉಳಿಯಿತು, ಏಕೆ ಉಳಿಯಿತು ಎಂದು ಒಬ್ಬರು ಒಪ್ಪಿ ಹೇಳಿದ್ದರು. ವಾದವೆಂದರೆ ಇದು, 8 ಅಂಕ ಎಂದೆನು. ಇನ್ನೊಬ್ಬರದು ಬರಿಯ ಮೂದಲಿಕೆ. ಶುದ್ಧ ವಿತಂಡ, 1 ಅಂಕವೂ ಹೆಚ್ಚು ಎಂದೆನು. ಅವಳು ಪತ್ರಿಕೆಯನ್ನು ನನ್ನತ್ತ ತಿರುಗಿಸಿದಳು. ಕೆರೆಯ ಮಾತು ರಾಯರ ಪಕ್ಷದವರದು. ಮೂದಲಿಕೆ, ನಾನು ವಾರದ ಹಿಂದೆ 6 ಅಂಕ ಕೊಟ್ಟದ್ದೇ. ಅವಳು ಮಧ್ಯಭಾಗದಿಂದ ಓದಿದ್ದರಿಂದ ಗುರುತು ಸಿಕ್ಕಿರಲಿಲ್ಲ.

ರಾಯರಿಗೆ ನಾನು ಕೊಟ್ಟ ಉತ್ತರ ಮೂರರಲ್ಲಿ ಯಾವ ಬಗೆಯದೆಂದು ಅವಳು ಕೇಳಲಿಲ್ಲ. ಸಂಜೆ ಅಂಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅವರ ಮನೆಯ ಮೆಟ್ಟಿಲು ಹತ್ತಿದೆನು. ರಾಯರು ಆ ಪುಟವನ್ನು ನೋಡಿದರು. ಏನೂ ಆಡದೆ, ಒಳಗೆ ತಿರುಗಿ ಎರಡು ಲೋಟ ಕಾಫಿಗೆ ಹೇಳಿ, ತಮ್ಮ ಜೇಬಿನ ಲೇಖನಿಯನ್ನು ತೆಗೆದು ನನ್ನ ಕೈಗೆ ಕೊಟ್ಟರು.